ಉಕ್ಕಿನೊಳಗಿನ ಕೊಂಬೆಗಳು

ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗದ ನಮ್ಮ ಸೀಮೆಯಲ್ಲಿ ಕತ್ತಿಯ ಮಾತೆತ್ತಿದರೆ 1824ರ ಅಕ್ಟೋಬರ್ ತಾನಾಗಿಯೇ ನೆನಪಾಗುತ್ತದೆ. ಧಾರವಾಡದ ಕಲೆಕ್ಟರ್ ಥ್ಯಾಕರೆ ಬಿದ್ದದ್ದು, ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡದ್ದು, ಸಂಗೊಳ್ಳಿ ರಾಯಣ್ಣ ನಂದಗಡದಲ್ಲಿ ಗಲ್ಲಿಗೇರಿದ್ದು ಎಲ್ಲರಿಗೂ ಗೊತ್ತು. ಕತ್ತಿ ಹಿಡಿದವರ ಹೆಸರು ಉಳಿದಿದೆ. ಆದರೆ ಉಕ್ಕು ಕಾಸಿದವರ ಹೆಸರು ನಾನು ಕೇಳಿದ ಯಾವ ಲಾವಣಿಯಲ್ಲೂ ಇಲ್ಲ. ಅವರನ್ನು ತಿಳಿಯಬೇಕಾದರೆ ಉಕ್ಕನ್ನೇ ಓದಬೇಕು.

ದಕ್ಷಿಣ ಭಾರತದ ಮೂಸೆ ಉಕ್ಕನ್ನು ಯುರೋಪಿನವರು 'ವೂಟ್ಜ್' ಎಂದು ಕರೆದರು. ಇದು ನಮ್ಮ 'ಉಕ್ಕು' ಪದದ ಅಪಭ್ರಂಶವೆಂಬುದು ಅನೇಕ ವಿದ್ವಾಂಸರ ಮತ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಗೆ ಅದರ ಮೇಲೊಂದು ಪ್ರಬಂಧ ಒಪ್ಪಿಸಿದ. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಆ ಕೆಲಸವನ್ನು ಬರೆದಿಟ್ಟ: ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ಜೊತೆಗೆ ತಂಗಡಿಯ ಕಡ್ಡಿ, ಹಸಿರೆಲೆ, ಬಾಯಿ ಮುಚ್ಚಿ ಇದ್ದಿಲ ಬೆಂಕಿ. ಕಡ್ಡಿ-ಎಲೆಯ ಇಂಗಾಲವನ್ನು ಹೀರಿ ಕಬ್ಬಿಣ ಉಕ್ಕಾಗುತ್ತಿತ್ತು.

ಚಿತ್ತಾರ ಹುಟ್ಟುವುದು ಆಮೇಲೆ, ಮೂಸೆ ಆರುವಾಗ. ಕರಗಿದ ಉಕ್ಕು ಒಮ್ಮೆಲೇ ಗಟ್ಟಿಯಾಗುವುದಿಲ್ಲ. ಹರಳು ಮರದಂತೆ ಬೆಳೆಯುತ್ತದೆ: ಕಾಂಡ, ಕೊಂಬೆ, ಕೊಂಬೆಗೆ ಟಿಸಿಲು. ಇದರ ಹೆಸರು ಡೆಂಡ್ರೈಟ್; ಗ್ರೀಕಿನ 'ಮರ' ಎಂಬ ಪದದಿಂದ ಬಂದದ್ದು. ಮೂಡಿದ ಕೊಂಬೆಗಳು ಹಾಗೇ ಉಳಿಯುವುದೂ ಇಲ್ಲ. ಚೂಪಾಗಿ ಬಾಗಿದ ಮೈ ಸ್ವಲ್ಪ ಕಡಿಮೆ ಉಷ್ಣತೆಗೇ ಕರಗುತ್ತದೆ. ಹಾಗಾಗಿ ಸಣ್ಣ ಟಿಸಿಲುಗಳು ಕರಗಿ, ಅವುಗಳ ಲೋಹ ಪಕ್ಕದ ದಪ್ಪ ಕೊಂಬೆಗೆ ಸೇರುತ್ತದೆ. ಗಟ್ಟಿಯಾಗಲು ಎಂಟು ಪಟ್ಟು ಹೊತ್ತು ಸಿಕ್ಕರೆ ಟಿಸಿಲುಗಳ ನಡುವಿನ ಅಂತರ ಸುಮಾರು ಎರಡು ಪಟ್ಟಾಗುತ್ತದೆ.

ಕೊನೆಗೆ ಗಟ್ಟಿಯಾಗುವ ಸಂದುಗಳಲ್ಲಿ ಇಂಗಾಲವೂ ವನೇಡಿಯಂನಂಥ ಕಲ್ಮಶಗಳೂ ಒಟ್ಟಾಗುತ್ತವೆ. ಕಮ್ಮಾರ ಮತ್ತೆ ಮತ್ತೆ ಕಾಸಿ ಬಡಿದಾಗ ಆ ಸಂದುಗಳು ಚಪ್ಪಟೆಯಾಗಿ, ಅವುಗಳ ಗುಂಟ ಕಾರ್ಬೈಡ್ ಕಣಗಳು ಸಾಲುಗಟ್ಟುತ್ತವೆ. ಡಮಾಸ್ಕಸ್ ಕತ್ತಿಗಳ ನೀರಲೆಯಂಥ ಚಿತ್ತಾರ ಇದೇ. ಅಮೆರಿಕದ ಲೋಹವಿಜ್ಞಾನಿ ಜಾನ್ ವರ್‌ಹೋವನ್, ಕಮ್ಮಾರ ಆಲ್ಫ್ರೆಡ್ ಪೆಂಡ್ರೆ ಇಂಥ ಅಲಗುಗಳನ್ನು ಮತ್ತೆ ಮಾಡಿ ತೋರಿಸಿದರು. ಕಲ್ಮಶ ಅತ್ಯಲ್ಪವಾದರೂ ಅದಿಲ್ಲದೆ ಚಿತ್ತಾರವಿಲ್ಲ ಎಂದು 1998ರಲ್ಲಿ ಬರೆದರು. ಅಂಥ ಅದಿರು ಸಿಗದಾದದ್ದೇ ಕಲೆ ಅಳಿಯಲು ಕಾರಣವಿರಬಹುದೆಂದು ಅವರ ಊಹೆ.

ಬಡಿತಕ್ಕೆ ಸಾಲುಗಳು ಹತ್ತಿರವಾಗುತ್ತವೆ, ನಿಜ. ಆದರೂ ಅವುಗಳ ಮೂಲ, ಮೂಸೆ ಆರಲು ಬಿಟ್ಟ ಹೊತ್ತಿನಲ್ಲಿದೆ. ಆ ಹೊತ್ತನ್ನು ನಿರ್ಧರಿಸಿದವನು ಓದುಬರಹ ಬಲ್ಲವನಾಗಿರಬೇಕಿರಲಿಲ್ಲ. ಬೆಂಕಿಯ ಬಣ್ಣ ಬಲ್ಲವನಾಗಿದ್ದರೆ ಸಾಕಿತ್ತು. ಕಿತ್ತೂರಿನ ವಸ್ತುಸಂಗ್ರಹಾಲಯಕ್ಕೆ ಬರುವ ವಿದ್ಯಾರ್ಥಿಗಳು ಹಳೆಯ ಕತ್ತಿಯ ಮುಂದೆ 'ಇದು ಯಾರದು?' ಎಂದು ಕೇಳುವ ಜೊತೆಗೆ 'ಇದರ ಉಕ್ಕು ಎಷ್ಟು ನಿಧಾನವಾಗಿ ಆರಿತು?' ಎಂದೂ ಕೇಳಲಿ.