ಗೋಧಿಗೆ ಮೊದಲು ತೆರೆದ ಬಾಗಿಲು

1998ರ ಮೇ 11 ಮತ್ತು 13ರಂದು ಭಾರತ ಪೋಖ್ರಾನಿನಲ್ಲಿ ಅಣುಪರೀಕ್ಷೆ ನಡೆಸಿತು. ತಿಂಗಳು ಮುಗಿಯುವ ಮೊದಲೇ ಪಾಕಿಸ್ತಾನ ಚಾಗೈ ಪ್ರದೇಶದಲ್ಲಿ ಉತ್ತರ ಕೊಟ್ಟಿತು. ಅಮೆರಿಕದ ಗ್ಲೆನ್ ತಿದ್ದುಪಡಿ ಎರಡೂ ದೇಶಗಳ ಮೇಲೆ ಎರಗಿತು: ನೆರವು, ಸರ್ಕಾರಿ ಸಾಲ, ಶಸ್ತ್ರಾಸ್ತ್ರ ಎಲ್ಲಕ್ಕೂ ತಡೆ. ಸಡಿಲಿಸುವ ಅಧಿಕಾರ ಅಧ್ಯಕ್ಷರಿಗೂ ಇರಲಿಲ್ಲ.

ಅಷ್ಟು ಬಿಗಿಯಾದ ಕಾನೂನಿಗೆ ಎರಡೇ ತಿಂಗಳಲ್ಲಿ ಕಿಂಡಿ ಬಿತ್ತು. ವಾಷಿಂಗ್ಟನ್ ರಾಜ್ಯದ ಗೋಧಿ ಬೆಳೆಗಾರರಿಗೆ ಪಾಕಿಸ್ತಾನ ದೊಡ್ಡ ಗಿರಾಕಿ. ಸಾಲದ ಖಾತರಿ ನಿಂತರೆ ವ್ಯಾಪಾರ ಬೇರೆ ದೇಶದ ಪಾಲಾಗುತ್ತಿತ್ತು. ಜುಲೈ 14ರಂದು ಕ್ಲಿಂಟನ್ ಕೃಷಿ ಸಾಲಕ್ಕೆ ವಿನಾಯಿತಿ ನೀಡುವ ಮಸೂದೆಗೆ ಸಹಿ ಹಾಕಿದರು. ಬಾಂಬಿನ ವಿಷಯದಲ್ಲಿ ಅಷ್ಟರೊಳಗೆ ಏನೂ ಬದಲಾಗಿರಲಿಲ್ಲ.

ಭಾರತವೂ ಕೈಕಟ್ಟಿ ಕೂರಲಿಲ್ಲ. ಆಗಸ್ಟಿನಲ್ಲಿ ಸ್ಟೇಟ್ ಬ್ಯಾಂಕ್ ಅನಿವಾಸಿ ಭಾರತೀಯರಿಗೆ ಬಾಂಡ್ ಮಾರಿ 400 ಕೋಟಿ ಡಾಲರಿಗೂ ಹೆಚ್ಚು ಹಣ ತಂದಿತು.

ಹಣಕ್ಕಿಂತ ತಂತ್ರಜ್ಞಾನದ ತಡೆಯೇ ಹೆಚ್ಚು ಕಾಡಿತು, ಬೆಂಗಳೂರಿಗಂತೂ ಚೆನ್ನಾಗಿಯೇ ತಟ್ಟಿತು. ತೇಜಸ್ ವಿಮಾನದ ಹಾರಾಟ ನಿಯಂತ್ರಣ ವ್ಯವಸ್ಥೆಗಾಗಿ ಅಮೆರಿಕದ ಲಾಕ್‌ಹೀಡ್ ಮಾರ್ಟಿನ್‌ನಲ್ಲಿ ದುಡಿಯುತ್ತಿದ್ದ ನಮ್ಮ ಎಂಜಿನಿಯರುಗಳು ಅರ್ಧಕ್ಕೇ ಗಂಟುಮೂಟೆ ಕಟ್ಟಬೇಕಾಯಿತು. ಉಳಿದ ಕೆಲಸ ಇಲ್ಲೇ ಮುಗಿಯಿತು; 2001ರ ಜನವರಿ 4ರಂದು ವಿಮಾನ ಎಚ್‌ಎಎಲ್ ನಿಲ್ದಾಣದಿಂದ ಮೇಲೇರಿತು. ಇಸ್ರೊಗೆ ಈ ರುಚಿ ಹಳೆಯದು. 1992ರಲ್ಲೇ ಅಮೆರಿಕ ಇಸ್ರೊ ಮತ್ತು ರಷ್ಯಾದ ಗ್ಲಾವ್‌ಕಾಸ್ಮೊಸ್ ಮೇಲೆ ನಿರ್ಬಂಧ ಹೇರಿತ್ತು. ರಷ್ಯಾ ಇಸ್ರೊಗೆ ಕೊಡಲಿದ್ದ ಕ್ರಯೋಜೆನಿಕ್ ಎಂಜಿನ್ ಕ್ಷಿಪಣಿಗೆ ಬಳಕೆಯಾದೀತು ಎಂಬ ನೆಪ. ಉಡಾವಣೆಗೆ ಸ್ವಲ್ಪ ಮುಂಚೆಯಷ್ಟೇ ತುಂಬಬೇಕಾದ ಅತಿಶೀತಲ ಇಂಧನವನ್ನು ನೆಚ್ಚಿಕೊಂಡು ಯುದ್ಧಕ್ಕೆ ಹೊರಡುವವರು ಯಾರೋ! ರಷ್ಯಾ ತಂತ್ರಜ್ಞಾನ ಕೊಡದೆ 7 ಸಿದ್ಧ ಎಂಜಿನುಗಳನ್ನು ಮಾರಿತು. ಸ್ವದೇಶಿ ಎಂಜಿನ್ ಗೆದ್ದದ್ದು 2014ರ ಜನವರಿಯಲ್ಲಿ. ನಿರ್ಬಂಧದಿಂದ ಸ್ವಾವಲಂಬನೆ ಬಂತೆಂದು ಸಂಭ್ರಮಿಸುವವರು ನಡುವೆ ಕಳೆದ ಎರಡು ದಶಕಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಬಾಗಿಲುಗಳು ತೆರೆದ ಕ್ರಮ ನೋಡಿದರೆ, ಹೇರಿದವರ ಅಗತ್ಯ ಎಲ್ಲಿತ್ತೋ ಅಲ್ಲಿ ಅಗುಳಿ ಸರಿದಿದೆ. ಅವಳಿ ಗೋಪುರಗಳು ಉರುಳಿ ಅಫ್ಘಾನಿಸ್ತಾನದ ಯುದ್ಧಕ್ಕೆ ನೆರೆಯವರ ನೆರವು ಬೇಕಾದಾಗ, 2001ರ ಸೆಪ್ಟೆಂಬರ್ 22ರಂದು ಬುಷ್ ಅಣುಪರೀಕ್ಷೆಯ ನಿರ್ಬಂಧಗಳನ್ನು ತೆಗೆದರು. ರಫ್ತು ನಿಯಂತ್ರಣದ ಪಟ್ಟಿ ಮಾತ್ರ ಉಳಿಯಿತು. ಇಸ್ರೊದ ಘಟಕಗಳು ಅದರಿಂದ ಹೊರಬಂದದ್ದು 2011ರಲ್ಲಿ. ಟ್ರಾಂಬೆಯ ಭಾಭಾ ಅಣು ಸಂಶೋಧನಾ ಕೇಂದ್ರ, ಇಂಡಿಯನ್ ರೇರ್ ಅರ್ತ್ಸ್ ಹೊರಬಂದದ್ದು 2025ರ ಜನವರಿಯಲ್ಲಿ. ಅದೇ ತಿಂಗಳು ಅದೇ ಪಟ್ಟಿಗೆ ಚೀನಾದ ಹಲವು ಸಂಸ್ಥೆಗಳು ಹೊಸದಾಗಿ ಸೇರಿದವು.