ಅರೆಸಿಬೊದಿಂದ ಹೊರಟ ಮೂರು ನಿಮಿಷ

1974ರ ನವೆಂಬರ್ 16. ಪೋರ್ಟೊರಿಕೊದ ಗುಡ್ಡಗಳ ನಡುವಿನ ಅರೆಸಿಬೊದಲ್ಲಿ, 305 ಮೀಟರ್ ಅಗಲದ ಬೋಗುಣಿಯಂಥ ರೇಡಿಯೊ ದೂರದರ್ಶಕದಿಂದ ಮೂರು ನಿಮಿಷದ ರೇಡಿಯೊ ಸಂದೇಶವೊಂದು ಎಂ13 ನಕ್ಷತ್ರಗುಚ್ಛದತ್ತ ಹೊರಟಿತು. ಖಗೋಳವಿಜ್ಞಾನಿ ಫ್ರಾಂಕ್ ಡ್ರೇಕ್ ಮತ್ತು ಸಂಗಡಿಗರು ಹೆಣೆದದ್ದು 1679 ಬಿಟ್‌ಗಳು. ಸಾಲಿಗೆ 23ರಂತೆ 73 ಸಾಲು ಜೋಡಿಸಿದರೆ, ಚುಕ್ಕಿ ರಂಗೋಲಿಯ ಹಾಗೆ ಚಿತ್ರ ಮೂಡುತ್ತದೆ: ಡಿಎನ್‌ಎ ಸುರುಳಿ, ಕೈಕಾಲುಳ್ಳ ಪುಟ್ಟ ಮನುಷ್ಯ, ಸೌರಮಂಡಲ.

ಬ್ರಿಟನ್ನಿನ ಖಗೋಳವಿಜ್ಞಾನಿ ಮಾರ್ಟಿನ್ ರೈಲ್ ಕಳವಳಗೊಂಡರು. ಕೇಳಿಸಿಕೊಂಡ ಅನ್ಯಲೋಕದವರು ಹಗೆಯವರೋ ಹಸಿದವರೋ ಆಗಿದ್ದರೆ? ಇಡೀ ಭೂಮಿಯ ಪರವಾಗಿ ವಿಳಾಸ ಕೊಡುವ ಹಕ್ಕು ಯಾರದು? ಭಯಕ್ಕಿಂತ ಈ ಎರಡನೆಯ ಪ್ರಶ್ನೆಯೇ ದೊಡ್ಡದು, ಅದಿನ್ನೂ ಇತ್ಯರ್ಥವಾಗಿಲ್ಲ.

ಆದರೂ ಮೂರೇ ವರ್ಷಕ್ಕೆ ವಾಯೇಜರ್ ಬಾಹ್ಯಾಕಾಶ ನೌಕೆಗಳ ಚಿನ್ನಲೇಪಿತ ಧ್ವನಿತಟ್ಟೆಯಲ್ಲಿ ಕನ್ನಡದ ಶುಭಾಶಯವೂ ಹೊರಟಿತು. ಅರೆಸಿಬೊ ದೂರದರ್ಶಕ 2020ರ ಡಿಸೆಂಬರ್‌ನಲ್ಲಿ ಕುಸಿದುಬಿತ್ತು. ಅದು ಕಳಿಸಿದ ಸಂದೇಶಕ್ಕೆ ಇನ್ನೂ 20,000ಕ್ಕೂ ಹೆಚ್ಚು ವರ್ಷಗಳ ದಾರಿಯಿದೆ.