ಸಿಬ್ಬಂದಿ ವಿಶ್ರಾಂತಿ (ಅಮೆರಿಕದ ವಾಯುಪಡೆ)

ಅಮೆರಿಕದ ವಾಯುಪಡೆಯಲ್ಲಿ ಹಾರಾಟದ ಕರ್ತವ್ಯಕ್ಕೆ ಮುನ್ನ ಪೈಲಟ್‌ಗಳು ಹಾಗೂ ವಿಮಾನದ ಇತರ ಸಿಬ್ಬಂದಿ ಕಡ್ಡಾಯವಾಗಿ ಪಡೆಯಬೇಕಾದ ಬಿಡುವಿನ ಅವಧಿಯನ್ನು ಸಿಬ್ಬಂದಿ ವಿಶ್ರಾಂತಿ ಅಥವಾ 'ಕ್ರೂ ರೆಸ್ಟ್' ಎಂದು ಕರೆಯಲಾಗುತ್ತದೆ. ಇದು ವಾರ್ಷಿಕ ರಜೆಗಿಂತ ಭಿನ್ನವಾದುದು. ರಜೆಯನ್ನು ಮುಂದೂಡಬಹುದು, ಈ ವಿಶ್ರಾಂತಿಯನ್ನು ಪೈಲಟ್ ತಾನಾಗಿಯೇ ಬಿಟ್ಟುಕೊಡುವಂತಿಲ್ಲ.

ಅವಧಿ

ವಿಶ್ರಾಂತಿಯು ಸಾಮಾನ್ಯವಾಗಿ ಕನಿಷ್ಠ 12 ಗಂಟೆಗಳದ್ದು. ಊಟ ಮತ್ತು ವಸತಿಗೆ ಹೋಗಿಬರುವ ಸಮಯವೂ ಇದರಲ್ಲಿಯೇ ಸೇರಿದ್ದು, 8 ಗಂಟೆಗಳ ಕಾಲ ಅಡೆತಡೆಯಿಲ್ಲದೆ ನಿದ್ರಿಸುವ ಅವಕಾಶವಿರಬೇಕು. ನಡುವೆ ಕಚೇರಿಯ ಕೆಲಸಕ್ಕೆ ಕರೆ ಬಂದು ಈ ಅವಕಾಶ ತಪ್ಪಿದರೆ ನಿದ್ರೆಗೆ ಮತ್ತೆ ಪೂರ್ಣ 8 ಗಂಟೆ ನೀಡಬೇಕಾಗುತ್ತದೆ. ಆದರೆ ಹಗಲು-ರಾತ್ರಿ ಅದಲುಬದಲಾಗುವ ದೂರದ ಹಾರಾಟಗಳಲ್ಲಿ ಅವಕಾಶವಿದ್ದ ಮಾತ್ರಕ್ಕೆ ನಿದ್ರೆ ಬರುತ್ತದೆಂದು ಹೇಳಲಾಗದು.

ಕರ್ತವ್ಯದ ಗಡಿಯಾರವು ವಿಮಾನ ಮೇಲೇರಿದಾಗಲ್ಲ, ಸಿಬ್ಬಂದಿ ಕೆಲಸಕ್ಕೆ ಹಾಜರಾದಾಗಲೇ ಆರಂಭವಾಗಿ, ಕೊನೆಯ ಹಾರಾಟದ ಬಳಿಕ ಎಂಜಿನ್ ನಿಲ್ಲಿಸಿದಾಗ ಮುಗಿಯುತ್ತದೆ. ಸಿ-17 ಸರಕು ಸಾಗಣೆ ವಿಮಾನದಲ್ಲಿ ಇದರ ಮಿತಿ 16 ಗಂಟೆ. ಹೆಚ್ಚುವರಿ ಪೈಲಟ್ ಇದ್ದರೆ 24 ಗಂಟೆ.

ಯುದ್ಧಕಾಲ

ಯುದ್ಧದಲ್ಲಿ ಈ ಮಿತಿಗಳು ಸಡಿಲಗೊಳ್ಳುತ್ತವೆ. 2001ರಲ್ಲಿ ಮಿಸೌರಿಯಿಂದ ಹೊರಟ ಬಿ-2 ಬಾಂಬರ್ ಒಂದು ಅಫ್ಘಾನಿಸ್ತಾನದ ಮೇಲೆ ದಾಳಿ ಮಾಡಿ, ಸುಮಾರು 44 ಗಂಟೆಗಳ ಹಾರಾಟದ ನಂತರ ಡಿಯೆಗೊ ಗಾರ್ಸಿಯಾದಲ್ಲಿ ಇಳಿಯಿತು. ವಿಮಾನದಲ್ಲಿದ್ದುದು ಇಬ್ಬರೇ ಪೈಲಟ್‌ಗಳು. ಎಚ್ಚರವಾಗಿರಲು ವಾಯುಪಡೆಯೇ ಉತ್ತೇಜಕ ಮಾತ್ರೆಗಳನ್ನು ನೀಡುತ್ತಿದ್ದುದೂ ಉಂಟು. 2002ರ ಏಪ್ರಿಲ್‌ನಲ್ಲಿ ಕಂದಹಾರ್ ಬಳಿ ಎಫ್-16 ವಿಮಾನವೊಂದರಿಂದ ತಪ್ಪಾಗಿ ಬಿದ್ದ ಬಾಂಬಿಗೆ ಕೆನಡಾದ ನಾಲ್ವರು ಸೈನಿಕರು ಬಲಿಯಾದಾಗ, ಪೈಲಟ್‌ಗಳ ಪರ ವಕೀಲರು ಈ ಮಾತ್ರೆಗಳತ್ತ ಬೆರಳು ಮಾಡಿದ್ದರಿಂದ ಆ ಪದ್ಧತಿ ಸಾರ್ವಜನಿಕ ಚರ್ಚೆಗೆ ಬಂದಿತು.

ರಜೆ ಮತ್ತು ಪ್ರಯಾಣದ ದಿನಗಳು

ಸಾಗಣೆ ವಿಮಾನಗಳ ಸಿಬ್ಬಂದಿಗೆ ತಮ್ಮ ನೆಲೆಗೆ ಮರಳಿದ ಮೇಲೆ, ಹೊರಗಿದ್ದ ಪ್ರತಿ 3 ಗಂಟೆಗೆ 1 ಗಂಟೆಯಂತೆ ಬಿಡುವು ದೊರೆಯುತ್ತದೆ. ಇದನ್ನು ರಜೆಯ ಖಾತೆಯಿಂದ ಕಳೆಯುವುದಿಲ್ಲ. ವರ್ಗಾವಣೆಯ ಸಂದರ್ಭದಲ್ಲಿ ಸ್ವಂತ ವಾಹನದಲ್ಲಿ ಹೊರಟವರಿಗೆ ಸುಮಾರು 350 ಮೈಲಿಗೆ ಒಂದರಂತೆ ಪ್ರಯಾಣದ ದಿನಗಳು ಸಿಗುತ್ತವೆ. ಅವೂ ಕರ್ತವ್ಯದ ದಿನಗಳೇ. ದಾರಿಯಲ್ಲಿ ಅದಕ್ಕಿಂತ ಹೆಚ್ಚು ದಿನ ಕಳೆದರೆ ಮಾತ್ರ ರಜೆ ಖರ್ಚಾಗುತ್ತದೆ.

ವಾರ್ಷಿಕ ರಜೆ ತಿಂಗಳಿಗೆ 2.5 ದಿನದಂತೆ ವರ್ಷಕ್ಕೆ 30 ದಿನ. ರಜೆಯ ನಡುವೆ ಬರುವ ಶನಿವಾರ, ಭಾನುವಾರಗಳೂ ಲೆಕ್ಕಕ್ಕೆ ಸೇರುವುದರಿಂದ ಇದು ಮೇಲ್ನೋಟಕ್ಕೆ ಕಾಣುವಷ್ಟು ಉದಾರವಲ್ಲ. ಸೆಪ್ಟೆಂಬರ್ 30ರ ವೇಳೆಗೆ ಉಳಿಕೆಯು 60 ದಿನಗಳನ್ನು ಮೀರಿದರೆ, ಮೀರಿದ ದಿನಗಳು ಸಾಮಾನ್ಯವಾಗಿ ರದ್ದಾಗುತ್ತವೆ. ಭಾರತೀಯ ವಾಯುಪಡೆಯ ಅಧಿಕಾರಿಗಳಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ ಹಾಗೂ 20 ದಿನ ಸಾಂದರ್ಭಿಕ ರಜೆ ಇದೆ.